ದಾರಿಯಲ್ಲಿ ಸಿಕ್ಕ ದೇವರು

ಬೆಂಗಳೂರಿನಿಂದ ತುಮಕೂರಿನ ಕಡೆ ಹೊರಟವರು ನೆಲಮಂಗಲ ದಾಟಿ ದಾಬಸ್‌ಪೇಟೆ ಹತ್ತಿರವಾಗುತ್ತಿದ್ದಂತೆ ಎಡಗಡೆಗೆ ಕತ್ತು ತಿರುಗಿಸುತ್ತಾರೆ. ಅಲ್ಲಿ ಶಿವಗಂಗೆ ಬೆಟ್ಟ. ದಾವಣಗೆರೆಗೆ ಮದುವೆಗೆ ಹೊರಟವರಿರಬಹುದು, ಹುಬ್ಬಳ್ಳಿಗೆ ವ್ಯಾಪಾರಕ್ಕೆ ಹೊರಟವರಿರಬಹುದು, ಶಿವಮೊಗ್ಗದ ಕಾಲೇಜಿಗೆ ಮಗಳನ್ನು ಸೇರಿಸಲು ಹೊರಟವರಿರಬಹುದು. ಬೆಟ್ಟ ಕಂಡ ಕೂಡಲೇ ಗಾಡಿಯೊಳಗೆ ಒಬ್ಬರಾದರೂ ಹೇಳುತ್ತಾರೆ, "ದಾರೀಲೇ ಇದೆಯಲ್ಲ, ಹಂಗೇ ದರ್ಶನ ಮಾಡ್ಕೊಂಡು ಹೋಗೋಣ." ಅದೇ ಗಾಡಿಯಲ್ಲಿ ಇನ್ನೊಬ್ಬರು ಹಿರಿಯರು ತಲೆ ಅಲ್ಲಾಡಿಸುತ್ತಾರೆ. "ದೇವರ ದರ್ಶನಕ್ಕೆ ಅಂತಲೇ ಮಡಿಯಿಂದ ಹೊರಟು ಬರಬೇಕು. ಹೋಗ್ತಾ ಬರ್ತಾ ಇಣುಕಿ ನೋಡಿದ್ರೆ ಅದು ಯಾತ್ರೆ ಆಗುತ್ತಾ?"

ಇಬ್ಬರ ಮಾತಿನಲ್ಲೂ ಭಕ್ತಿ ಇದೆ. ಆದ್ದರಿಂದಲೇ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಬೇರೆ ಕೆಲಸಕ್ಕೆ ಹೊರಟವನು ನಡುವೆ ಕಂಡ ಕ್ಷೇತ್ರಕ್ಕೆ ಹೋದರೆ ಅದು ಯಾತ್ರೆಯೋ, ಬರೀ ನಿಲುಗಡೆಯೋ?

ದಕ್ಷಿಣ ಕಾಶಿ ಎಂದು ಹೆಸರಾದ ಈ ಶ್ರೀ ಕ್ಷೇತ್ರವು ನೆಲಮಂಗಲ ತಾಲ್ಲೂಕಿಗೆ ಸೇರಿದೆ. ಕಕುದ್ಗಿರಿ ಎಂಬುದು ಇದರ ಇನ್ನೊಂದು ಹೆಸರು. ದೊಡ್ಡ ರಸ್ತೆಯಿಂದ ಒಳಗೆ ಆರೇಳು ಕಿಲೋಮೀಟರ್ ಅಷ್ಟೆ. ಜನರ ಬಾಯಲ್ಲಿ ಇವತ್ತಿಗೂ 'ಎನ್.ಎಚ್. ನಾಲ್ಕು' ಎಂದೇ ಇರುವ ಆ ರಸ್ತೆಗೆ 2010ರಲ್ಲಿ 48ನೇ ರಾಷ್ಟ್ರೀಯ ಹೆದ್ದಾರಿ ಎಂಬ ಹೊಸ ಸಂಖ್ಯೆ ಬಂತು. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅದು ಅಗಲವಾದ ಮೇಲೆ ಬೆಂಗಳೂರಿನಿಂದ ಇಲ್ಲಿಗೆ ಬರುವುದು ಒಂದೆರಡು ಗಂಟೆಯ ಮಾತಾಯಿತು. ದಾರಿ ಸುಲಭವಾದಂತೆಲ್ಲ 'ದಾರೀಲೇ ಇದೆ' ಎಂದು ಬರುವವರ ಸಂಖ್ಯೆಯೂ ಹೆಚ್ಚಿತು.

ಮೊದಲು ಹಿರಿಯರ ಆಕ್ಷೇಪವನ್ನೇ ನೋಡಬೇಕು. ಅದರಲ್ಲಿ ಸತ್ವ ಇದೆ. ಮಹಾಶಿವರಾತ್ರಿಗೆ ಮುಂಚೆ ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗುವವರ ಸಾಲನ್ನು ಕಂಡವರಿಗೆ ಇದು ಗೊತ್ತು. ಕಾಲಿನಲ್ಲಿ ಬೊಬ್ಬೆ, ಹೆಗಲಲ್ಲಿ ಸಣ್ಣ ಗಂಟು, ಬಾಯಲ್ಲಿ ಮಂಜುನಾಥನ ಹೆಸರು. ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಡುದಾರಿಯಲ್ಲಿ ನಡೆಯುವ ಒಕ್ಕಲುಗಳೂ ಹಾಗೆಯೇ. ಹಳ್ಳಿಯ ಮನೆಗಳಲ್ಲಿ ಹರಕೆ ಹೊತ್ತ ದಿನವೇ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಡುತ್ತಾರೆ. ಮಗು ಹುಷಾರಾದರೆ ಅದಕ್ಕೆ ಒಂದು ಕಾಸು, ಬೆಳೆ ಬಂದರೆ ಇನ್ನೊಂದು ಕಾಸು. ಹೀಗೆ ವರ್ಷವಿಡೀ ಆ ಗಂಟು ದೇವರ ಗೂಡಿನಲ್ಲಿ ಕೂತಿರುತ್ತದೆ. ಅಂಥವರು ಕ್ಷೇತ್ರಕ್ಕೆ ಹೋಗುವ ಮುಂಚೆಯೇ ಕ್ಷೇತ್ರ ಅವರ ಮನೆಗೆ ಬಂದಿರುತ್ತದೆ. ಕಾರಿನ ಕಿಟಕಿಯಲ್ಲಿ ಬೆಟ್ಟ ಕಂಡು 'ನಿಲ್ಲಿಸಪ್ಪಾ' ಎಂದವನಿಗೆ ಆ ವರ್ಷದ ಕಾಯುವಿಕೆ ಎಲ್ಲಿಂದ ಬರಬೇಕು? ಇಬ್ಬರದೂ ಒಂದೇ ಎಂದು ಹೇಳಿದರೆ ನಡೆದು ಬಂದವನ ಕಾಲಿನ ನೋವಿಗೆ ಅವಮಾನ ಮಾಡಿದ ಹಾಗೆ.

ಆದರೆ ಒಂದೇ ಅಲ್ಲ ಎಂದ ಮಾತ್ರಕ್ಕೆ ಒಂದು ನಿಜ, ಇನ್ನೊಂದು ಸುಳ್ಳು ಎಂದಾಗುವುದಿಲ್ಲ. ಇದಕ್ಕೆ 'ತೀರ್ಥ' ಎಂಬ ಪದವೇ ಸಾಕ್ಷಿ. ಇವತ್ತು ತೀರ್ಥ ಎಂದರೆ ಅರ್ಚಕರು ಉದ್ಧರಣೆಯಲ್ಲಿ ಕೈಗೆ ಹಾಕುವ ನೀರು ನೆನಪಾಗುತ್ತದೆ. ಸಂಸ್ಕೃತದಲ್ಲಿ ಅದರ ಹಳೆಯ ಅರ್ಥ ಹೊಳೆ ದಾಟುವ ಜಾಗ, ಅಂದರೆ ಕಡವು. ನೀರು ತೆಳುವಾಗಿ ಹರಿಯುವ, ಕಾಲೂರಿ ಆಚೆ ದಡ ಸೇರಬಹುದಾದ ಜಾಗ. ಕಡವಿಗೆ ಬರುವವನು ಯಾರು? ಕಡವನ್ನೇ ನೋಡಲು ಯಾರೂ ಮನೆಯಿಂದ ಹೊರಡುವುದಿಲ್ಲ. ಸಂತೆಗೆ ಎತ್ತು ಹೊಡೆದುಕೊಂಡು ಹೋಗುವವನು, ತವರಿಗೆ ಹೊರಟ ಹೆಣ್ಣುಮಗಳು, ಊರಿಂದೂರಿಗೆ ತಿರುಗುವ ಜಂಗಮ, ಎಲ್ಲರೂ ದಾರಿಹೋಕರೇ. ದಾರಿಯಲ್ಲಿ ಎದುರಾಗುವುದೇ ಕಡವು. ಹೀಗೆ ನೋಡಿದರೆ 'ದಾರೀಲೇ ಇದೆ' ಎಂದು ಬರುವವನು ತೀರ್ಥಕ್ಕೆ ಹೊಸಬನಲ್ಲ. ಆ ಹೆಸರು ಹುಟ್ಟಿದ್ದೇ ಅಂಥವನಿಂದ.

ಇನ್ನು ಸಂಕಲ್ಪದ ಮಾತು. ಮನೆಯಲ್ಲೇ ಸಂಕಲ್ಪ ಮಾಡಿಕೊಂಡು ಹೊರಡದಿದ್ದರೆ ಫಲವಿಲ್ಲ ಎಂದು ಕೆಲವರು ಅಂಜುತ್ತಾರೆ. ಪೂಜೆಗೆ ಕೂತಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಗಮನಿಸಿದರೆ ಈ ಅಂಜಿಕೆ ಹೋಗುತ್ತದೆ. ಅದರಲ್ಲಿ ಕೂತಿರುವ ದೇಶವನ್ನು ಹೇಳುತ್ತಾರೆ, ಆ ದಿನದ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳುತ್ತಾರೆ, ಕೊನೆಗೆ ಗೋತ್ರ, ಹೆಸರು. ಅಂದರೆ 'ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ, ಇಂಥವನು' ಎಂದು. ಎಲ್ಲಿಂದ ಹೊರಟೆ, ಯಾವ ಕೆಲಸಕ್ಕೆ ಹೊರಟಿದ್ದೆ ಎಂದು ಅದು ಕೇಳುವುದಿಲ್ಲ. ಈಗ ಇಲ್ಲಿದ್ದೀಯಾ ಎಂದು ಮಾತ್ರ ಕೇಳುತ್ತದೆ.

ಅತಿಥಿ ಎಂಬ ಪದಕ್ಕೂ ಹಿರಿಯರು ಹೇಳುವ ಅರ್ಥ ಇದಕ್ಕೆ ಹತ್ತಿರ. ತಿಥಿ ಗೊತ್ತುಮಾಡದೆ ಬಂದವನು ಅತಿಥಿ. ಹೇಳಿ ಕಳಿಸಿ ಬಂದವರು ನೆಂಟರು. ಹೇಳದೆ ಬಂದು ಬಾಗಿಲಲ್ಲಿ ನಿಂತವನಿಗೆ ಮೊದಲ ಮರ್ಯಾದೆ. ಮನುಷ್ಯರ ಮನೆಯಲ್ಲೇ ಈ ಧರ್ಮ ಇರುವಾಗ ದೇವರ ಮನೆಯಲ್ಲಿ ಇರದೆ ಹೋದೀತೇ?

ಹಾಗಾದರೆ ದಾರಿಯಲ್ಲಿ ಕಂಡ ಕ್ಷೇತ್ರಕ್ಕೆಲ್ಲ ನುಗ್ಗಿ ಬಂದರೆ ಆಯಿತೇ? ಅಷ್ಟು ಸುಲಭವಲ್ಲ. ಕಡವಿಗೆ ಬಂದವನು ಒಂದು ಕೆಲಸ ಮಾಡಲೇಬೇಕಿತ್ತು. ಗಾಡಿಯಿಂದ ಇಳಿಯಬೇಕು. ಚಪ್ಪಲಿ ಕೈಗೆ ತಗೊಂಡು, ಪಂಚೆ ಎತ್ತಿ ಕಟ್ಟಿ, ಕೋಲೂರಿ ಆಳ ನೋಡಿ ಒಂದೊಂದೇ ಹೆಜ್ಜೆ ಇಡಬೇಕು. ಮುದುಕರ ಕೈ ಹಿಡಿಯಬೇಕು, ಮಗುವನ್ನು ಹೆಗಲಿಗೆ ಏರಿಸಬೇಕು. ಹೊಳೆಯನ್ನು ಅವಸರದಲ್ಲಿ ದಾಟುವವನು ದಡ ಸೇರುವುದಿಲ್ಲ. ತೀರ್ಥಕ್ಕೆ ದಾರಿಹೋಕನಾಗಿ ಬರುವುದರಲ್ಲಿ ತಪ್ಪಿಲ್ಲ, ಇಳಿಯದೆ ದಾಟುತ್ತೇನೆ ಎನ್ನುವುದರಲ್ಲಿ ತಪ್ಪಿದೆ.

ಈಗಿನ ಕಾಲದಲ್ಲಿ ಇಳಿಯುವುದು ಎಂದರೇನು? ಕಾರಿನಿಂದ ಇಳಿದು ಚಪ್ಪಲಿ ಬಿಡುವುದು ಎಲ್ಲರಿಗೂ ಬರುತ್ತದೆ. ಅವಸರವನ್ನು ಬಿಟ್ಟು ಬರುವುದು ಕಷ್ಟ. ಮೆಟ್ಟಿಲ ಬುಡದಲ್ಲೇ ಯಜಮಾನರು ಗಡಿಯಾರ ನೋಡುತ್ತಾರೆ. "ಇಪ್ಪತ್ತು ನಿಮಿಷ, ಅಷ್ಟರಲ್ಲಿ ಎಲ್ಲರೂ ವಾಪಸ್ ಬರಬೇಕು." ಗರ್ಭಗುಡಿ ಮುಂದೆ ನಿಂತಾಗಲೂ ಮೊಬೈಲಿನಲ್ಲಿ ಇನ್ನೆಷ್ಟು ದೂರ ಎಂಬ ಲೆಕ್ಕ. ಮಂಗಳಾರತಿ ಮುಗಿಯುವ ಮೊದಲೇ "ದರ್ಶನ ಆಯ್ತಾ? ಆಯ್ತು, ನಡೀರಿ." ಕಣ್ಣು ಗಂಗಾಧರೇಶ್ವರನನ್ನು ನೋಡಿತು, ಮನಸ್ಸು ಸಿರಾ ದಾಟಿ ಹೋಗಿತ್ತು. ಇಂಥವರಿಗೆ ಸಮಯ ಕಡಿಮೆ ಇತ್ತು ಎಂದಲ್ಲ. ಐದು ನಿಮಿಷ ಇದ್ದವನೂ ಆ ಐದು ನಿಮಿಷ ಪೂರ್ತಿ ಇಲ್ಲೇ ಇದ್ದರೆ ಅವನು ಇಳಿದವನೇ. ಎರಡು ಗಂಟೆ ಇದ್ದೂ ಒಂದು ಗಳಿಗೆ ಇಲ್ಲಿರದವನು ಗಾಡಿಯಲ್ಲೇ ಕೂತಿದ್ದ ಹಾಗೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ದೇವರಿಗೆ ಕೊಟ್ಟ ಆ ಅರ್ಧ ಗಂಟೆ ಯಾರದು? ಬಾಡಿಗೆ ಗಾಡಿಯ ಡ್ರೈವರ್ ಬೆಳಗಿನ ಜಾವ ಎದ್ದು ಬಂದಿರುತ್ತಾನೆ. ರಾತ್ರಿ ಹುಬ್ಬಳ್ಳಿ ಸೇರಿಸಬೇಕು. ಒಡೆಯರು ಬೆಟ್ಟ ಹತ್ತಿ ಇಳಿಯುವ ತನಕ ಅವನು ಬಿಸಿಲಲ್ಲಿ ಗಾಡಿ ಕಾಯುತ್ತಾನೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವನಿಗೂ ಹರಕೆ ಇದೆ. "ನೀನೂ ಬಾರಪ್ಪಾ, ಕೈ ಮುಗಿದು ಹೋಗುವಂತೆ" ಎಂದು ಕರೆದವರು ಎಷ್ಟು ಜನ? ಮೊಣಕಾಲು ನೋವಿನ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ "ನೀನು ಇಲ್ಲೇ ಇರಮ್ಮ, ಹತ್ತು ನಿಮಿಷ" ಎಂದು ಹೋದವರು ಒಂದೂವರೆ ಗಂಟೆಗೆ ಬರುತ್ತಾರೆ. ಆ ತಾಯಿ ಬೆಟ್ಟವನ್ನೂ ನೋಡುವುದಿಲ್ಲ, ಮಕ್ಕಳು ಬರುವ ದಾರಿಯನ್ನೇ ನೋಡುತ್ತಿರುತ್ತಾಳೆ. ಇನ್ನೊಬ್ಬರ ಕಾಯುವಿಕೆಯಿಂದ ಕೊಂಡ ದರ್ಶನದ ಪುಣ್ಯ ಯಾರ ಖಾತೆಗೆ ಸೇರಬೇಕು? ಸರದಿಯ ಮೇಲೆ ಒಬ್ಬರು ತಾಯಿಯ ಹತ್ತಿರ ಕೂತಿದ್ದರೆ, ತಂದ ಪ್ರಸಾದವನ್ನು ಮೊದಲು ಆಕೆಗೂ ಡ್ರೈವರಿಗೂ ಕೊಟ್ಟಿದ್ದರೆ ಬೆಟ್ಟದ ಬುಡವೂ ಕ್ಷೇತ್ರವಾಗುತ್ತಿತ್ತು.

ಆಮೇಲೆ ಬರುವುದು ಎಲ್ಲಕ್ಕಿಂತ ಕೆಟ್ಟದ್ದು. ಮತ್ತೆ ಹೆದ್ದಾರಿಗೆ ಬಂದ ಮೇಲೆ "ಲೇಟಾಯ್ತು, ಸ್ವಲ್ಪ ಒತ್ತು" ಎನ್ನುತ್ತಾರೆ. ದೇವಸ್ಥಾನದಲ್ಲಿ ಕಳೆದ ಸಮಯವನ್ನು ರಸ್ತೆಯಲ್ಲಿ ವಸೂಲಿ ಮಾಡಲು ಹೊರಡುತ್ತಾರೆ. ಹಣೆಯಲ್ಲಿ ವಿಭೂತಿ ಇನ್ನೂ ಹಸಿ, ಗಾಡಿಯ ಮುಂದೆ ಆಗ ತಾನೆ ಕಟ್ಟಿದ ಹೂವು, ಗಾಡಿ ಮಾತ್ರ ಲಾರಿಗಳ ನಡುವೆ ನುಸುಳಿಕೊಂಡು ಓಡುತ್ತಿರುತ್ತದೆ. ಅರ್ಧ ಗಂಟೆಯನ್ನು ದೇವರಿಗೆ ಅರ್ಪಿಸಿ, ಅದೇ ಅರ್ಧ ಗಂಟೆಯನ್ನು ಎದುರಿಗೆ ರಸ್ತೆ ದಾಟುವ ಹಳ್ಳಿಯ ಮಗುವಿನ ಪ್ರಾಣ ಒತ್ತೆಯಿಟ್ಟು ವಾಪಸ್ ಕಿತ್ತುಕೊಂಡರೆ ಅದು ಎಂಥ ಅರ್ಪಣೆ? ಹುಂಡಿಗೆ ಹಾಕಿದ ನೋಟನ್ನು ದಾರಕಟ್ಟಿ ಎಳೆದುಕೊಂಡ ಹಾಗೆ. ಕೊಟ್ಟ ಮೇಲೆ ಅದು ಹೋಯಿತು ಎಂದೇ ತಿಳಿಯಬೇಕು. ತಡವಾಗಿ ತಲುಪುವುದೇ ಆ ದರ್ಶನದ ನಿಜವಾದ ಕಾಣಿಕೆ. ತಡವಾಗುವುದನ್ನು ಒಪ್ಪಿಕೊಳ್ಳಲು ಆಗದವರು ಬೆಟ್ಟದ ಕಡೆ ತಿರುಗದೆ ನೇರ ಹೋಗುವುದೇ ಲೇಸು.

ಹೌದು, ತಿರುಗದೆ ಹೋಗುವುದೂ ಕೆಲವು ಸಲ ಧರ್ಮವೇ. ತುಮಕೂರಿನ ಕಡೆಯಿಂದ ಬೆಂಗಳೂರಿನ ಆಸ್ಪತ್ರೆಗೆ ಹೊರಟ ಎಷ್ಟೋ ಗಾಡಿಗಳು ಈ ಬೆಟ್ಟದ ಎದುರೇ ಹಾದು ಹೋಗುತ್ತವೆ. ತೊಡೆಯ ಮೇಲೆ ಜ್ವರದ ಮಗು ಇರುವ ತಾಯಿ 'ಇಳಿದು ಹರಕೆ ಹೊತ್ತು ಹೋಗಲೇ' ಎಂದು ಒದ್ದಾಡುತ್ತಾಳೆ. ಇಂಥ ಹೊತ್ತಿಗೆ ಪಂಢರಪುರದ ಕಥೆ ನೆನೆಯಬೇಕು. ಮನೆ ಬಾಗಿಲಿಗೆ ವಿಠ್ಠಲನೇ ಬಂದರೂ ಪುಂಡಲೀಕ ತಂದೆತಾಯಿಯರ ಸೇವೆ ಬಿಟ್ಟು ಏಳಲಿಲ್ಲ. ನಿಲ್ಲಲು ಒಂದು ಇಟ್ಟಿಗೆ ಎಸೆದು, ಕಾಯಲು ಹೇಳಿದ. ದೇವರು ಕೋಪ ಮಾಡಿಕೊಳ್ಳಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತ, ಇಂದಿಗೂ ನಿಂತಿದ್ದಾನೆ ಎನ್ನುತ್ತಾರೆ. ಕರ್ತವ್ಯದಲ್ಲಿ ಇರುವವನಿಗಾಗಿ ಕಾಯುವುದು ದೇವರಿಗೆ ಗೊತ್ತಿದೆ. ಆಸ್ಪತ್ರೆಗೆ ಹೊರಟವರಿಗೆ ಗಂಗಾಧರೇಶ್ವರ ಕಿಟಕಿಯಿಂದಲೇ ಸಿಗುತ್ತಾನೆ.

ಕಿಟಕಿಯಿಂದ ಕಂಡದ್ದು ದರ್ಶನವೇ ಎಂದು ಕೇಳುವವರಿಗೆ ಈ ಬೆಟ್ಟವೇ ಉತ್ತರ ಕೊಡುತ್ತದೆ. ಶಿವಗಂಗೆ ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ನಾಗರ. ಹೀಗೆಂದು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಯಾವ ದಿಕ್ಕಿನಿಂದ ಬಂದವನಿಗೆ ಆ ರೂಪ. ನಾಲ್ಕನ್ನೂ ಒಂದೇ ನಿಲುವಿನಲ್ಲಿ ಕಂಡವರು ಯಾರೂ ಇಲ್ಲ. ಇನ್ನೂ ವಿಶೇಷವೆಂದರೆ, ಕಷ್ಟಪಟ್ಟು ತುದಿಯ ನಂದಿಯವರೆಗೆ ಹತ್ತಿದವನಿಗೆ ಈ ನಾಲ್ಕರಲ್ಲಿ ಒಂದೂ ಕಾಣುವುದಿಲ್ಲ. ಅವನ ಕಾಲ ಕೆಳಗೆ ಬರೀ ಬಂಡೆ. ಹತ್ತಿದವನು ಹೆಚ್ಚು ಕಂಡೆ ಎಂದು, ದೂರದಿಂದ ಕೈಮುಗಿದವನು ಕಡಿಮೆ ಕಂಡೆ ಎಂದು ಹೇಳುವಂತಿಲ್ಲ. ಒಬ್ಬೊಬ್ಬನಿಗೂ ಒಂದೊಂದು ಮಗ್ಗುಲು. ಪೂರ್ತಿ ದರ್ಶನ ಯಾರಿಗೂ ಇಲ್ಲ ಎಂದು ತಿಳಿದರೆ ಇನ್ನೊಬ್ಬರ ದರ್ಶನವನ್ನು ಅಳೆಯುವ ಚಟ ತಾನಾಗಿ ಬಿಡುತ್ತದೆ.

ಒಳಕಲ್ಲು ತೀರ್ಥದ ಹತ್ತಿರ ಈ ಅಳತೆಯ ಚಟ ಚೆನ್ನಾಗಿ ಕಾಣುತ್ತದೆ. ಬಂಡೆಯ ಸಣ್ಣ ಬಾಯಿಗೆ ಕೈ ಇಳಿಬಿಟ್ಟಾಗ ನೀರು ತಾಕಿದರೆ ಭಾಗ್ಯ ಎಂಬುದು ನಂಬಿಕೆ. ತಾಕಿದವರು ನಗುತ್ತಾ ಬರುತ್ತಾರೆ, ತಾಕದವರು ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. ಕೈ ಉದ್ದ ಇದ್ದವನಿಗೇ ಪುಣ್ಯವಾ ಎಂದು ಹುಡುಗರು ತಮಾಷೆ ಮಾಡುವುದೂ ಉಂಟು. ತಮಾಷೆಯಲ್ಲೂ ಒಂದು ಮಾತಿದೆ. ನಿಂತ ನಿಲುವಿನಲ್ಲಿ ಯಾರಿಗೂ ಅಲ್ಲಿ ನೀರು ಸಿಗುವುದಿಲ್ಲ; ಬಾಗಬೇಕು, ಭುಜವನ್ನು ಕಲ್ಲಿಗೆ ಒರಗಿಸಬೇಕು. ಸಿಕ್ಕರೂ ಸಿಗದಿದ್ದರೂ ಬಾಗಿದ್ದಂತೂ ನಿಜ. ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ಪ್ರಸಿದ್ಧಿಯನ್ನೂ ಹೀಗೇ ನೋಡಬಹುದು. ಲೋಕದಲ್ಲಿ ಬೆಣ್ಣೆ ಕಾಯಿಸಿ ತುಪ್ಪ ಮಾಡುತ್ತಾರೆ, ಇಲ್ಲಿ ತುಪ್ಪ ಹಿಂದಿರುಗಿ ಬೆಣ್ಣೆಯಾಗುತ್ತದೆ. ಕಾದು ಕಾದು ಬಂದ ಮನುಷ್ಯನೂ ಇಲ್ಲಿ ಒಂದು ಗಳಿಗೆ ಮೊದಲಿನ ಮೃದುತನಕ್ಕೆ ಮರಳಿದರೆ ಬಂದದ್ದು ಸಾರ್ಥಕ.

'ಈ ಸಲ ಬೇಡ, ಮುಂದಿನ ಸಲ ಇದಕ್ಕೇ ಅಂತ ಬಂದು ನಿಧಾನವಾಗಿ ಮಾಡೋಣ' ಎನ್ನುವವರೂ ಇದ್ದಾರೆ. ಮಾತು ಚೆನ್ನಾಗಿದೆ, ಆದರೆ ಮುಂದಿನ ಸಲ ಯಾರ ಕೈಯಲ್ಲಿದೆ? ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ಈ ಶಿವಗಂಗೆಯಲ್ಲೇ ದೇಹ ಬಿಟ್ಟಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಜಿನಭಕ್ತೆಯಾದ ರಾಣಿಯ ಪಯಣ ಶಿವನ ಬೆಟ್ಟದಲ್ಲಿ ಮುಗಿಯಿತು. ಅರಮನೆಯವರಿಗೇ ಪಯಣದ ಕೊನೆ ಎಲ್ಲಿ ಎಂದು ಗೊತ್ತಿರಲಿಲ್ಲ ಎಂದ ಮೇಲೆ ಉಳಿದವರ ಪಾಡೇನು? ಹತ್ತು ವರ್ಷ ಮುಂದೂಡಿದ ದೊಡ್ಡ ಯಾತ್ರೆಗಿಂತ ಇವತ್ತು ಮನಸಿಟ್ಟು ಮಾಡಿದ ಸಣ್ಣ ದರ್ಶನ ಮೇಲು.

ಊರು ಕಟ್ಟಿದವನೂ ಇಲ್ಲಿಗೆ ಬಂದರೆ ದಾರಿಹೋಕನೇ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಲೋಹದ ಪ್ರತಿಮೆ ಈ ಗಂಗಾಧರೇಶ್ವರನ ಸನ್ನಿಧಿಯಲ್ಲಿದೆ. ಅವರ ಕಾಲಾನಂತರ, 1609ರಲ್ಲಿ ಇಟ್ಟದ್ದು ಎನ್ನುತ್ತಾರೆ. ಬೆಂಗಳೂರಿನ ಗವಿ ಗಂಗಾಧರೇಶ್ವರನಿಗೂ ಇಲ್ಲಿಗೂ ಒಳದಾರಿ ಇದೆ ಎಂಬ ಪ್ರತೀತಿಯೂ ಉಂಟು. ಸುರಂಗ ಇದೆಯೋ ಇಲ್ಲವೋ, ಪಟ್ಟಣಕ್ಕೂ ಬೆಟ್ಟಕ್ಕೂ ನಡುವೆ ಒಂದು ದಾರಿ ತೆರೆದೇ ಇರಲಿ ಎಂಬ ಜನರ ಆಸೆಯಂತೂ ಅದರಲ್ಲಿದೆ.

ಬಾರದ ಭಕ್ತಿಯನ್ನು ತೀರ್ಥದ ನೀರು ತಂದುಕೊಡದು ಎಂದು ಹನ್ನೆರಡನೇ ಶತಮಾನದ ಶರಣರು ಖಡಾಖಂಡಿತವಾಗಿ ಎಚ್ಚರಿಸಿದ್ದಾರೆ. ಅವರ ಎಚ್ಚರಿಕೆಗೆ ಉತ್ತರವನ್ನು ಬೆಟ್ಟದ ಮೇಲೆ ಹುಡುಕಬಾರದು, ಬೆಟ್ಟ ಇಳಿದ ಮೇಲಿನ ದಾರಿಯಲ್ಲಿ ಹುಡುಕಬೇಕು. ಇದೇ ಹೆದ್ದಾರಿಯಲ್ಲಿ ಮುಂದೆ ಕ್ಯಾತ್ಸಂದ್ರದ ಬಳಿ ಶ್ರೀ ಸಿದ್ಧಗಂಗಾ ಮಠವಿದೆ. 1907ರಲ್ಲಿ ಹುಟ್ಟಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಅಲ್ಲಿ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರು. ಅಲ್ಲಿನ ದಾಸೋಹದಲ್ಲಿ ಕೂತವನನ್ನು ನೀನು ಇದಕ್ಕೇ ಬಂದೆಯೋ, ದಾರಿಯಲ್ಲಿ ಬಂದೆಯೋ ಎಂದು ಯಾರೂ ಕೇಳುವುದಿಲ್ಲ. ಹಸಿವಿದ್ದರೆ ಎಲೆ ಹಾಕುತ್ತಾರೆ. ಬೆಟ್ಟದಿಂದ ಇಳಿದವನು ಟೋಲ್ ಹತ್ತಿರ ಸೌತೆಕಾಯಿ ಮಾರುವ ಹುಡುಗನ ಜೊತೆ ಎರಡು ರೂಪಾಯಿಗೆ ಜಗಳ ಆಡದಿದ್ದರೆ, ಹಿಂದೆ ಹಾರ್ನ್ ಹೊಡೆಯುವವನಿಗೆ ದಾರಿ ಬಿಟ್ಟರೆ, ಬಾಟಲಿ, ಪ್ಲಾಸ್ಟಿಕ್ ಚೀಲವನ್ನು ಕಿಟಕಿಯಿಂದ ಎಸೆಯದಿದ್ದರೆ ಅವನದು ಯಾತ್ರೆಯೇ ಆಯಿತು.

ಆದ್ದರಿಂದ ಭಕ್ತಾದಿಗಳು ಹೀಗೆ ನಡೆದುಕೊಳ್ಳಬಹುದು. ಅರ್ಧ ದಿನ ಇರುವವರು ನೀರು ಕುಡಿಯುತ್ತಾ, ಕೋತಿಗಳಿಗೆ ತಿಂಡಿಯ ಚೀಲ ತೋರಿಸದೆ, ನಿಧಾನವಾಗಿ ತುದಿಯ ನಂದಿಯವರೆಗೂ ಹೋಗಿಬರಲಿ. ಗಂಟೆ ಹೊತ್ತು ಇರುವವರು ಗಂಗಾಧರೇಶ್ವರ ಸ್ವಾಮಿ ಮತ್ತು ಹೊನ್ನಾದೇವಿಯ ಸನ್ನಿಧಿಯಲ್ಲಿ ನೆಮ್ಮದಿಯಾಗಿ ಕೂತು, ಇಷ್ಟೇ ಸಾಕು ಎಂದು ತೃಪ್ತಿಯಿಂದ ಇಳಿಯಲಿ. ಹತ್ತಲಾಗದ ಹಿರಿಯರ ಜೊತೆ ಬಂದವರು ಬುಡದಲ್ಲೇ ಅವರೊಂದಿಗೆ ಕೂತು ಬೆಟ್ಟ ನೋಡಲಿ. ಸಮಯವೇ ಇಲ್ಲದವರು ರಸ್ತೆಯಿಂದಲೇ ಕೈ ಮುಗಿಯಲಿ. ಆದರೆ ಸ್ಟೇರಿಂಗ್ ಹಿಡಿದವನ ಎರಡು ಕೈಯೂ ಸ್ಟೇರಿಂಗ್ ಮೇಲೇ ಇರಲಿ. ಅವನ ನಮಸ್ಕಾರ ಅದೇ.

ಹೋಗುವವರಿಗೂ ಬರುವವರಿಗೂ ಶ್ರೀ ಗಂಗಾಧರೇಶ್ವರನು ಸನ್ಮಂಗಳವನ್ನುಂಟುಮಾಡಲಿ.